ಹೋರಿ ಹಿಡಿಯುವ ಸರಿಯಾದ ಕ್ರಮ

ಜೆರಾಕ್ಸ್ ಯಂತ್ರದಿಂದ ಆಗತಾನೆ ಈಚೆ ಬಂದ ಕಾಗದಕ್ಕೆ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಸ್ವಲ್ಪ ಸುಟ್ಟ ಹಾಗೆ, ಸ್ವಲ್ಪ ಔಷಧಿಯ ಹಾಗೆ. ಮೂವತ್ತು ವರ್ಷಕ್ಕೂ ಮೇಲೆ ಪಾಠ ಹೇಳಿದವನಿಗೆ ಅದು ಪರೀಕ್ಷೆಯ ವಾಸನೆ. ಮೊನ್ನೆ ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಮಂಡ್ಯದಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕೋಚಿಂಗ್ ಸೆಂಟರ್ ನಡೆಸುವವನು, ಅಂಥ ನಾಲ್ಕು ಹಾಳೆಗಳನ್ನು ನನ್ನ ಕೈಗೆ ಕೊಟ್ಟ. "ಒಂದ್ಸಲ ಕಣ್ಣಾಡ್ಸಿ ಸಾರ್, ತಪ್ಪಿದ್ರೆ ಗುರ್ತು ಆಕಿ, ನಾಳೆ ಬಂದು ಇಸ್ಕೊಂಡೋಯ್ತೀನಿ" ಎಂದು ಬೈಕಿನ ಮೇಲೆ ಕೂತೇ ಹೇಳಿ ಹೋದ. ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: ‘ಕಷ್ಟಗಳನ್ನು ಎದುರಿಸುವ ಬಗ್ಗೆ ಇಂಗ್ಲಿಷ್ ನುಡಿಗಟ್ಟುಗಳು ಮತ್ತು ಅವುಗಳ ಸರಿಯಾದ ಬಳಕೆ’. ಬರೆದುಕೊಟ್ಟವನು ನಾನೇ.

ಅದನ್ನು ಓದಿ ಮೊದಲು ನಕ್ಕವಳು ನನ್ನ ಹೆಂಡತಿ. "ಕಷ್ಟ ಎದುರಿಸೋದಾ? ನೀವಾ? ಗ್ಯಾಸ್ ಸಿಲಿಂಡರು ಲೀಕ್ ಆಯ್ತಾ ಅದೆ, ಒಂದು ಫೋನ್ ಮಾಡಿ ಅಂದ್ರೆ ಮೂರು ದಿನ ಮಾಡ್ತೀರಿ. ಕೊನೆಗೆ ಮಾಡೋಳು ನಾನು" ಎಂದಳು. ಮಾತು ನಿಜ. ಪಕ್ಕದ ಮನೆಯವರು ನಮ್ಮ ಗೇಟಿನ ಮುಂದೆ ಕಾರು ನಿಲ್ಲಿಸಿದರೆ ನಾನು ಗೋಡೆ ಸವರಿಕೊಂಡು ಅಡ್ಡಡ್ಡ ನಡೆದು ಹೊರಗೆ ಹೋಗುತ್ತೇನೆಯೇ ಹೊರತು ಅವರ ಬಾಗಿಲು ತಟ್ಟುವುದಿಲ್ಲ. ಮಂಡ್ಯದವರು ಒರಟು, ಇದ್ದದ್ದನ್ನು ಇದ್ದಹಾಗೆ ಮುಖಕ್ಕೇ ಹೇಳುತ್ತಾರೆ ಎಂದು ಊರೂರಲ್ಲಿ ಮಾತಿದೆಯಲ್ಲ, ಅದನ್ನು ಕೇಳಿದಾಗಲೆಲ್ಲ ನಾನು ನನ್ನ ಜಿಲ್ಲೆಯ ಹೆಸರು ಕೆಡಿಸುತ್ತಿದ್ದೇನೆ ಅನ್ನಿಸುತ್ತದೆ. ಯಲಿಯೂರಿನಲ್ಲಿ ಹುಟ್ಟಿ ಬೆಳೆದವನು, ಕಬ್ಬಿನ ಗದ್ದೆಯಲ್ಲಿ ಆಡಿದವನು. ಆದರೂ ನನ್ನ ಬಾಯಿಗೆ ಆ ಒರಟು ಬರಲಿಲ್ಲ. ಬದಲಿಗೆ ಇಂಗ್ಲಿಷ್ ಬಂತು.

ಇಂಗ್ಲಿಷಿನವರ ಬಗ್ಗೆ ನನಗೆ ಮೊದಲಿನಿಂದ ಒಂದು ಸಂಶಯ. ಕಷ್ಟಕ್ಕೆ ಎದೆಯೊಡ್ಡುವುದರ ಬಗ್ಗೆ ಅವರಲ್ಲಿ ಇಷ್ಟೊಂದು ನುಡಿಗಟ್ಟು ಇರುವುದು ಯಾಕೆ? ಗುಂಡು ಕಚ್ಚು ಅನ್ನುತ್ತಾರೆ, ಸಂಗೀತವನ್ನು ಎದುರಿಸು ಅನ್ನುತ್ತಾರೆ, ಹಲ್ಲು ಕಿರಿದುಕೊಂಡು ಸಹಿಸಿಕೋ ಅನ್ನುತ್ತಾರೆ, ಮೇಲ್ದುಟಿ ಬಿಗಿಹಿಡಿ ಅನ್ನುತ್ತಾರೆ. ನಮ್ಮ ಕಡೆ ದೊಡ್ಡ ಮೀಸೆಯ ಹಿಂದೆ ಮೇಲ್ದುಟಿ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಕಂಡವರಾರು? ನಮ್ಮ ಹಿರಿಯರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಹೊಟ್ಟೆಪಾಡಿಗೆ ನಾನು ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಸಿದೆ. ಬದುಕಿದ್ದು ಮಾತ್ರ ದೊಣ್ಣೆಯ ಗಾದೆಯ ಪ್ರಕಾರ.

ಬಳಕೆಯ ಸೂಕ್ಷ್ಮಗಳಲ್ಲಿ ಮಾತ್ರ ನಾನು ಯಾರಿಗೂ ಸೋಲುವವನಲ್ಲ. ‘ಫೇಸ್ ದ ಮ್ಯೂಸಿಕ್’ ಎಂಬುದನ್ನೇ ತೆಗೆದುಕೊಳ್ಳಿ. ಹುಡುಗರು ಅದನ್ನು ಎಲ್ಲ ಕಷ್ಟಕ್ಕೂ ಹಚ್ಚಿಬಿಡುತ್ತಾರೆ. ರಾತ್ರಿ ಕರೆಂಟು ಹೋಯಿತು, ನಾವೆಲ್ಲ ಮ್ಯೂಸಿಕ್ ಫೇಸ್ ಮಾಡಿದೆವು ಎಂದು ಬರೆಯುತ್ತಾರೆ. ಒಬ್ಬನಂತೂ ಅಕ್ಕನ ಮದುವೆಯಲ್ಲಿ ನೆಂಟರೆಲ್ಲ ಓಲಗದವರ ಎದುರು ಕೂತದ್ದನ್ನೇ ಉದಾಹರಣೆಯಾಗಿ ಕೊಟ್ಟಿದ್ದ. ತಪ್ಪು. ತಾನೇ ಮಾಡಿದ ತಪ್ಪಿನ ಫಲವನ್ನು ತಾನೇ ನಿಂತು ಅನುಭವಿಸುವಾಗ ಮಾತ್ರ ಆ ಮಾತು ಸಲ್ಲುತ್ತದೆ. ನಮ್ಮ ‘ಮಾಡಿದ್ದುಣ್ಣೋ ಮಹರಾಯ’ ಇದೆಯಲ್ಲ, ಅದು. ‘ಬೈಟ್ ದ ಬುಲೆಟ್’ ಅನ್ನುವುದು ಬಹಳ ದಿನದಿಂದ ಮುಂದೂಡಿದ, ಇನ್ನು ತಪ್ಪಿಸಿಕೊಳ್ಳಲಾಗದ ನೋವಿಗೆ. ಕೊಳೆತ ಹಲ್ಲು ಕೀಳಿಸುವುದಕ್ಕೆ ಸರಿ, ಸೊಳ್ಳೆ ಕಚ್ಚಿದ್ದಕ್ಕೆ ಸರಿಯಲ್ಲ. ‘ಸೇತುವೆ ಸಿಕ್ಕಾಗ ದಾಟಿದರಾಯಿತು’ ಎಂಬರ್ಥದ ಇನ್ನೊಂದಿದೆ. ಅದು ಕಷ್ಟ ಎದುರಿಸುವ ಮಾತೇ ಅಲ್ಲ, ನಾಳೆಗೆ ತಳ್ಳುವ ಮಾತು. ಅದನ್ನೂ ಪಟ್ಟಿಗೆ ಸೇರಿಸಿದ್ದೆ. ಅದರ ಮೇಲೆ ನನಗೆ ಸ್ವಂತ ಮಮಕಾರ.

ಎರಡನೆಯ ಹಾಳೆಯ ನಡುವೆ ‘ಟೇಕ್ ದ ಬುಲ್ ಬೈ ದ ಹಾರ್ನ್ಸ್’ ಇತ್ತು. ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸು, ಅಂದರೆ ಕಷ್ಟ ತಾನಾಗಿ ಮೇಲೆ ಬೀಳುವ ತನಕ ಕಾಯದೆ ನೀನೇ ಎದುರು ಹೋಗಿ ಹಿಡಿ. ಅಚ್ಚು ಸರಿಯಾಗಿತ್ತು. ಅರ್ಥ ಸರಿಯಾಗಿತ್ತು, ಉದಾಹರಣೆ ವಾಕ್ಯವೂ ಸರಿಯಾಗಿತ್ತು. ತಿದ್ದುವುದಕ್ಕೆ ಏನೂ ಇರಲಿಲ್ಲ. ನನ್ನ ಪೆನ್ನು ಮಾತ್ರ ಅಲ್ಲೇ ನಿಂತುಬಿಟ್ಟಿತು.

ಇಪ್ಪತ್ತೆಂಟು ವರ್ಷದ ಹಿಂದೆ ನಾನು ಮದ್ದೂರು ಕಡೆಯ ಒಂದು ಪಿಯು ಕಾಲೇಜಿನಲ್ಲಿದ್ದೆ. ಯಲಿಯೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದರೆ ಮದ್ದೂರಿಗೆ ಇಳಿದು ಕಾಲೇಜಿಗೆ ನಡೆದುಕೊಂಡು ಹೋಗುವಷ್ಟರಲ್ಲಿ ಮೊದಲ ಗಂಟೆ ಹೊಡೆಯುತ್ತಿತ್ತು. ತರಗತಿಯಲ್ಲಿದ್ದವರೆಲ್ಲ ಸುತ್ತಮುತ್ತಲ ಹಳ್ಳಿಯ ಮಕ್ಕಳು. ಬೆಳಿಗ್ಗೆ ಎದ್ದು ಹಸು ಕರೆದು, ಸಗಣಿ ಬಾಚಿ, ಆಮೇಲೆ ಬಸ್ಸು ಹತ್ತಿ ಬಂದವರು. ಅಂಥವರ ಮುಂದೆ ನಿಂತು ನಾನು ಹೋರಿಯ ಕೊಂಬು ಹಿಡಿಯುವುದನ್ನು ಕಲಿಸಲು ಹೊರಟೆ. ಪುಣ್ಯಾತ್ಮ, ನಾನು ಜನ್ಮದಲ್ಲಿ ಹೋರಿ ಹಿಡಿದವನಲ್ಲ.

ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಆಮೇಲೆ ಹುಡುಗಿಯರ ಕಡೆಯಿಂದ ಒಬ್ಬಳು ಎದ್ದು ನಿಂತಳು. ಚಂದ್ರಕಲಾ ಎಂದು ಹೆಸರು, ಆತಗೂರಿನ ಹತ್ತಿರದ ಹಳ್ಳಿ. ಅಪ್ಪ ಬೋರೇಗೌಡರು ಒಂದು ಜೊತೆ ಹಳ್ಳಿಕಾರ್ ಹೋರಿ ಕಟ್ಟಿ ಊರಿನವರ ಗದ್ದೆಯೆಲ್ಲ ಉಳುತ್ತಿದ್ದವರು. ಸ್ಕೂಲ್ ಮೇಷ್ಟ್ರಾಗಬೇಕು ಎಂಬುದು ಆ ಹುಡುಗಿಯ ಆಸೆ. ಅದನ್ನು ಮೊದಲ ದಿನವೇ, ಕೇಳದೆಯೇ, ನನಗೆ ಹೇಳಿದ್ದಳು.

"ಸಾ, ಕೊಂಬು ಇಡ್ಕಳಕಾಯ್ತದಾ?"

"ಯಾಕಮ್ಮ?"

"ಕೊಂಬ್ಗೆ ಕೈ ಆಕಿದ್ರೆ ತಲೆ ಒದರ್ತದೆ ಸಾ. ಎತ್ತಿ ಬಿಸಾಕ್ಬುಡ್ತದೆ. ಮೊದ್ಲು ಮೂಗುದಾರ ಇಡೀಬೇಕು. ಒಂದ್ ಕೈಲಿ ಮೂಗುದಾರ, ಇನ್ನೊಂದ್ ಕೈಲಿ ಕತ್ತಿನ್ ಕೆಳ್ಗಿನ ಗಂಗೆದೊಗಲು ಸವರ್ಬೇಕು, ಬಾಯಲ್ಲಿ ಮಾತಾಡ್ಸ್ತಾ ಇರ್ಬೇಕು. ಕೊಂಬು ಇಡಿಯೋನು ಒಂದೇ ಸಲ ಇಡಿಯೋದು."

ತರಗತಿ ಗೊಳ್ಳೆಂದಿತು. ಒಬ್ಬ, ತನ್ನ ಚಿಕ್ಕಪ್ಪನ ಸೊಂಟ ಮುರಿದದ್ದು ಹಾಗೇನೇ ಎಂದು ಸಾಕ್ಷಿ ಹೇಳಿದ. ಇನ್ನೊಬ್ಬ ಬೆಂಚಿನ ಮೇಲೆ ಹತ್ತಿ ಮೂಗುದಾರ ಹಿಡಿಯುವ ಭಂಗಿಯನ್ನು ತೋರಿಸಿದ. ನಾನೂ ನಕ್ಕೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ಮೇಷ್ಟ್ರುಗಳಿಗೆ ಒಂದು ಚಟ ಇದೆ ನೋಡಿ, ಮಕ್ಕಳು ಒಮ್ಮೆ ನಕ್ಕರೆ ಇನ್ನೊಮ್ಮೆ ನಗಿಸಲೇಬೇಕು. ನಾನು ಡಸ್ಟರ್ ತೆಗೆದುಕೊಂಡು ಕರಿಹಲಗೆಯ ಮೇಲಿದ್ದ ‘ಹಾರ್ನ್ಸ್’ ಪದವನ್ನು ಅಳಿಸಿ ‘ನೋಸ್ ರೋಪ್’ ಎಂದು ಬರೆದೆ. "ಇಂಗ್ಲೆಂಡಿನವರಿಗೆ ಹೋರಿ ಗೊತ್ತಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಇದೇ ಸರಿ. ಬರಕೊಳ್ಳಿ" ಎಂದೆ. ಚಪ್ಪಾಳೆ ಬಿತ್ತು. ಚಂದ್ರಕಲಾ ಬರೆದುಕೊಂಡಳು. ಗಂಟೆ ಹೊಡೆಯಿತು. ಮಾರನೆಯ ದಿನ ಬಂದು ನಿನ್ನೆ ಹೇಳಿದ್ದು ತಮಾಷೆಗೆ, ಪರೀಕ್ಷೆಯಲ್ಲಿ ‘ಹಾರ್ನ್ಸ್’ ಎಂದೇ ಬರೆಯಿರಿ ಎಂದು ಹೇಳಬೇಕಿತ್ತು. ಮಾರನೆಯ ದಿನ ಬೇರೆ ಪಾಠ ಇತ್ತು.

ಪಬ್ಲಿಕ್ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿ ಎಂಬ ಭಾಗದಲ್ಲಿ, ಒಂದು ಅಂಕಕ್ಕೆ, ಅದೇ ಬಂತು. ಹೋರಿಯನ್ನು ಏನು ಹಿಡಿದು? ಪರೀಕ್ಷೆ ಮುಗಿಸಿ ಚಂದ್ರಕಲಾ ಓಡುತ್ತಲೇ ಬಂದಳು. "ನೋಸ್ ರೋಪ್ ಅಂತ್ಲೇ ಬರ್ದಿವ್ನಿ ಸಾ! ನೀವು ಯೋಳಿದ್ದೇ ಬಂದದೆ!" ಅವಳ ಹಿಂದೆ ನಿಂತ ಏಳೆಂಟು ಜನರ ಮುಖದಲ್ಲೂ ಅದೇ ಸಂತೋಷ. ದೇಶದಲ್ಲಿ ಬೇರೆ ಯಾವ ಮಕ್ಕಳೂ ಮಾಡಲಾರದ ತಪ್ಪನ್ನು, ಹೋರಿ ಚೆನ್ನಾಗಿ ಗೊತ್ತಿರುವುದರಿಂದಲೇ, ಅವರೆಲ್ಲ ಒಟ್ಟಿಗೆ ಮಾಡಿ ಬಂದಿದ್ದರು. ನಾನು ಏನು ಹೇಳಿದೆ ಎನ್ನುತ್ತೀರಿ? "ವೆರಿ ಗುಡ್" ಎಂದೆ.

ಇದು ನನ್ನ ಮೊದಲ ಪಲಾಯನ. ಆದರೆ ಇದನ್ನು ಕ್ಷಮಿಸಬಹುದು ಅನ್ನಿಸುತ್ತದೆ, ಯಾಕೆಂದರೆ ಆಗ ಹೇಳಿದ್ದರೂ ಬರೆದದ್ದು ಅಳಿಯುತ್ತಿರಲಿಲ್ಲ. ಎರಡನೆಯದು ಹಾಗಲ್ಲ.

ಮೌಲ್ಯಮಾಪನಕ್ಕೆ ನಮ್ಮನ್ನು ಮೈಸೂರಿಗೆ ಕರೆದಿದ್ದರು. ಉತ್ತರಪತ್ರಿಕೆ ತಿದ್ದಲು ಶುರು ಮಾಡುವ ಮುಂಚೆ ಎಲ್ಲ ಇಂಗ್ಲಿಷ್ ಮೇಷ್ಟ್ರುಗಳನ್ನೂ ಒಂದು ಹಾಲಿನಲ್ಲಿ ಕೂರಿಸಿ, ಯಾವ ಪ್ರಶ್ನೆಗೆ ಯಾವ ಉತ್ತರ ಒಪ್ಪಬೇಕು ಎಂದು ಚರ್ಚೆ ಮಾಡುವುದು ರೂಢಿ. ಮುಖ್ಯ ಪರೀಕ್ಷಕರು ಒಳ್ಳೆಯ ಮನುಷ್ಯರು. ಒಂದೊಂದು ಪ್ರಶ್ನೆಗೂ ನಿಂತು, ಬೇರೆ ಉತ್ತರ ಒಪ್ಪಬೇಕೇ, ಯಾರಾದರೂ ಹೇಳುವುದಿದೆಯೇ ಎಂದು ಕೇಳುತ್ತಿದ್ದರು. ಮೂರನೆಯ ಪ್ರಶ್ನೆಗೆ ಗಡಿ ಕಡೆಯ ಒಬ್ಬರು ಎದ್ದು, ನಮ್ಮ ಮಕ್ಕಳು ಇದನ್ನು ಹೀಗೆ ಅರ್ಥ ಮಾಡಿಕೊಳ್ಳುತ್ತಾರೆ ಸಾರ್ ಎಂದು ಏನೋ ಹೇಳಿದರು. ಹಾಲಿನಲ್ಲಿ ನಗೆ ಎದ್ದಿತು. ಆದರೂ ಮುಖ್ಯ ಪರೀಕ್ಷಕರು ನಗಲಿಲ್ಲ. ಯೋಚಿಸಿ, "ಕೊಡಬಹುದು" ಎಂದು ಬರೆದುಕೊಂಡರು. ನೆನಪಿಡಿ, ಒಪ್ಪಿದರು. ಎದ್ದು ನಿಂತು ಹೇಳಿದರೆ ಒಪ್ಪುತ್ತಿದ್ದರು.

ಹೋರಿಯ ಪ್ರಶ್ನೆ ಬಂತು. "ಹಾರ್ನ್ಸ್. ಬೇರೆ ಏನಾದರೂ ಉಂಟೇ?" ಎಂದು ಅವರು ಕನ್ನಡಕದ ಮೇಲಿನಿಂದ ಹಾಲನ್ನೆಲ್ಲ ನೋಡಿದರು. ನನ್ನ ಪಕ್ಕದಲ್ಲಿ ಮೈಸೂರಿನ ದೊಡ್ಡ ಕಾಲೇಜಿನವರೊಬ್ಬರು ಕೂತಿದ್ದರು, ಅವರ ಉಚ್ಚಾರಣೆ ಕೇಳಿದರೆ ರೇಡಿಯೋ ಇಟ್ಟ ಹಾಗೆ. ನಾನು ಎದ್ದು, ಸಾರ್, ಮದ್ದೂರು ತಾಲೂಕಿನಲ್ಲಿ ಹೋರಿಯನ್ನು ಮೂಗುದಾರ ಹಿಡಿದು ನಿಲ್ಲಿಸುತ್ತಾರೆ, ಅರ್ಥದಲ್ಲಿ ವ್ಯತ್ಯಾಸ ಇಲ್ಲ, ಹಾಗೆ ಕಲಿಸಿದವನು ನಾನು, ತಪ್ಪು ಮಕ್ಕಳದ್ದಲ್ಲ, ಎಂದು ಹೇಳಬೇಕಿತ್ತು. ವಾಕ್ಯ ಇಂಗ್ಲಿಷಿನಲ್ಲಿ ಸಿದ್ಧವಾಗಿಯೂ ಇತ್ತು, ವ್ಯಾಕರಣ ಸಮೇತ. ನಾನು ಏಳಲಿಲ್ಲ. ನಗುತ್ತಾರೆ ಎಂಬ ಹೆದರಿಕೆ, ಅಷ್ಟೇ. "ನೆಕ್ಸ್ಟ್" ಎಂದರು ಮುಖ್ಯ ಪರೀಕ್ಷಕರು. ನಾನು ನನ್ನ ಹಾಳೆಯಲ್ಲಿ ಅಚ್ಚುಕಟ್ಟಾಗಿ ‘ಹಾರ್ನ್ಸ್ ಮಾತ್ರ’ ಎಂದು ಬರೆದುಕೊಂಡೆ. ಕಷ್ಟವನ್ನು ಎದುರು ಹೋಗಿ ಹಿಡಿಯುವ ನುಡಿಗಟ್ಟಿನ ವಿಷಯದಲ್ಲೇ ಹೀಗೆ ಬಾಯಿ ಮುಚ್ಚಿಕೊಂಡು ಕೂತ ಇಂಗ್ಲಿಷ್ ಮೇಷ್ಟ್ರು ನನ್ನನ್ನು ಬಿಟ್ಟರೆ ಇನ್ನೊಬ್ಬನಿರಲಾರ.

ಫಲಿತಾಂಶ ಬಂತು. ಚಂದ್ರಕಲಾ ಒಳ್ಳೆಯ ಅಂಕದಲ್ಲೇ ಪಾಸಾಗಿದ್ದಳು. ಆಗ ಶಾಲಾ ಶಿಕ್ಷಕರಾಗಲು ಪಿಯುಸಿ ಅಂಕದ ಮೇಲೆ ಟಿ.ಸಿ.ಎಚ್. ತರಬೇತಿಯ ಸೀಟು ಕೊಡುತ್ತಿದ್ದರು. ಆಯ್ಕೆ ಪಟ್ಟಿಯನ್ನು ಮಂಡ್ಯದಲ್ಲಿ ಗೋಡೆಗೆ ಅಂಟಿಸಿದ ದಿನ ನಾನೂ ಹೋಗಿ ನೋಡಿದೆ. ಅವಳ ಮೀಸಲಾತಿ ವರ್ಗದ ಪಟ್ಟಿಯಲ್ಲಿ ಕೊನೆಯ ಹೆಸರಿನವರಿಗೆ ಎಷ್ಟು ಅಂಕ ಇತ್ತೋ ಚಂದ್ರಕಲಾಗೆ ಅದಕ್ಕಿಂತ ಒಂದು ಕಡಿಮೆ. ನಾನು ಎರಡು ಸಲ ಓದಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ ಅಕ್ಕಪಕ್ಕ ಯಾರಾದರೂ ನನ್ನನ್ನು ನೋಡುತ್ತಿದ್ದಾರೆಯೇ ಎಂದು ತಿರುಗಿ ನೋಡಿದೆ. ಆಮೇಲೆ ರೈಲಿನಲ್ಲಿ ಕೂತು ಸಮಾಧಾನ ಮಾಡಿಕೊಂಡೆ. ಕಳೆದುಹೋದ ಅಂಕದ ಮೇಲೆ ಹೆಸರು ಬರೆದಿರುತ್ತದೆಯೇ? ಅದು ಚರಿತ್ರೆಯಲ್ಲಿ ಹೋಗಿರಬಹುದು, ಅರ್ಥಶಾಸ್ತ್ರದಲ್ಲಿ ಹೋಗಿರಬಹುದು. ಅರ್ಥಶಾಸ್ತ್ರದ ಮೇಷ್ಟ್ರು ನೆಮ್ಮದಿಯಾಗಿ ನಿದ್ದೆ ಮಾಡುತ್ತಿರುವಾಗ ನಾನೊಬ್ಬನೇ ಯಾಕೆ ಎದ್ದಿರಬೇಕು?

ವಾರದ ಮೇಲೆ ಬೋರೇಗೌಡರು ಕಾಲೇಜಿಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಚಪ್ಪಲಿಯನ್ನು ಸ್ಟಾಫ್ ರೂಮಿನ ಹೊರಗೆ ಬಿಟ್ಟು ಒಳಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಒಂದ್ ಮಾರ್ಕಲ್ಲಿ ಓಯ್ತು ಅಂತ ಅಳ್ತಾ ಕುಂತವ್ಳೆ ಮೇಸ್ಟ್ರೇ. ಏನಾರಾ ಮಾಡಕಾದದಾ? ಎಲ್ಲಿ ಎಡ್ವಟ್ಟಾಯ್ತು ಅಂತಾರೂ ಯೋಳಿ. ನಮ್ಗೆ ಗ್ಯಾನ ಇಲ್ಲ. ನೀವು ಯೋಳಿದ್ದೇ ನಮ್ಗೆ ಯೇದವಾಕ್ಯ."

ಆಗ ಹೇಳಬಹುದಿತ್ತು. ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು, ನಗುವವರು ಯಾರೂ ಇರಲಿಲ್ಲ. ಅವರು ಬೈದಿದ್ದರೆ ಒಂದು ಮಾತು ಬೈಯುತ್ತಿದ್ದರು, ಮುಗಿಯುತ್ತಿತ್ತು. ನಾನು ಕಿಟಕಿಯ ಕಡೆ ನೋಡಿಕೊಂಡು ಹೇಳಿದೆ: "ಏನು ಮಾಡೋದು ಗೌಡರೇ, ಹುಡುಗಿ ಇಂಗ್ಲಿಷನ್ನ ಇನ್ನೂ ಸ್ವಲ್ಪ ಗಮನ ಕೊಟ್ಟು ಓದಬೇಕಿತ್ತು."

ಅವರು ತಲೆ ಆಡಿಸಿದರು. "ಅಂಗಾ. ಸರಿ ಬುಡಿ. ನೀವೇನ್ ಮಾಡೀರಿ, ತಲೇಲಿ ಇದ್ದಷ್ಟು ತಾನೇ" ಎಂದು ಕೈಮುಗಿದು ಹೋದರು. ಬರುವಾಗ ಒಂದು ಕುಕ್ಕೆ ಅವರೆಕಾಯಿ ತಂದಿದ್ದರು, ಮೂಲೆಯಲ್ಲಿ ಇಟ್ಟುಹೋಗಿದ್ದರು. ಅದನ್ನು ಮನೆಗೆ ಒಯ್ದೆ. ಹೆಂಡತಿ ಸಾರು ಮಾಡಿದಳು. ಘಮ್ಮೆನ್ನುವ ಸಾರು, ನಾನು ಹೊಟ್ಟೆ ಸರಿಯಿಲ್ಲ ಎಂದು ಮಜ್ಜಿಗೆ ಅನ್ನ ತಿಂದು ಎದ್ದೆ.

ಅಲ್ಲಿಂದ ಮುಂದೆ ನಾನು ತಪ್ಪಿಸಿಕೊಂಡು ತಿರುಗಿದ್ದನ್ನು ಹೇಳಿದರೆ ನೀವು ನಂಬುವುದಿಲ್ಲ. ಸಂತೆಯ ದಿನ ಬೋರೇಗೌಡರು ಮದ್ದೂರಿಗೆ ಬರುತ್ತಾರೆ ಎಂದು ಗೊತ್ತಿದ್ದರಿಂದ ಸಂತೆಯ ದಿನವೆಲ್ಲ ಹಿಂದಿನ ಗಲ್ಲಿಯಲ್ಲಿ ಸುತ್ತಿ ಸ್ಟೇಷನ್ನಿಗೆ ಹೋಗುತ್ತಿದ್ದೆ. ಒಮ್ಮೆ ದೂರದಲ್ಲಿ ಅವರ ಹಾಗೆ ಕಂಡವರೊಬ್ಬರನ್ನು ನೋಡಿ ಗೊಬ್ಬರದ ಅಂಗಡಿಗೆ ನುಗ್ಗಿ, ಯಾವ ಗೊಬ್ಬರ ಬೇಕು ಎಂದು ಅಂಗಡಿಯವನು ಕೇಳುತ್ತಿದ್ದರೂ ಮೂಟೆಗಳ ಹಿಂದೆ ಬಗ್ಗಿ ಕೂತಿದ್ದೆ. ಶಿವಪುರದ ಧ್ವಜ ಸ್ಮಾರಕದ ಮುಂದೆ ಹಾದುಹೋಗುವಾಗಲೆಲ್ಲ ತಲೆ ತಗ್ಗುತ್ತಿತ್ತು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಯಾವ ನುಡಿಗಟ್ಟೂ ಗೊತ್ತಿಲ್ಲದ ರೈತರು ಅಲ್ಲಿ ಬಾವುಟ ಹಿಡಿದು ಪೊಲೀಸರ ಎದುರು ನಿಂತಿದ್ದರು. ನಾನು ಒಬ್ಬ ರೈತನನ್ನು ಕಂಡು ಗೊಬ್ಬರದ ಮೂಟೆಯ ಹಿಂದೆ ಅವಿತಿದ್ದೆ. ಕೊನೆಗೆ ಮಳವಳ್ಳಿಗೆ ವರ್ಗಾವಣೆ ಕೇಳಿಕೊಂಡೆ. ಅರ್ಜಿಯಲ್ಲಿ ‘ಕೌಟುಂಬಿಕ ಕಾರಣ’ ಎಂದು ಬರೆದೆ. ಸುಳ್ಳಲ್ಲ, ಬೋರೇಗೌಡರದೂ ಒಂದು ಕುಟುಂಬವೇ.

ಮಳವಳ್ಳಿಯಲ್ಲೂ ಹೋರಿಗಳಿದ್ದವು ಎಂಬುದನ್ನು ಮರೆತಿದ್ದೆ. ಮೊದಲ ವರ್ಷವೇ ಒಬ್ಬ ಎದ್ದು ನಿಂತ. "ಸಾ, ಕೊಂಬು ಯಾಕ್ ಸಾ, ಮೂಗುದಾರ ಇಡೀಬೇಕಲ್ವಾ?" ನಾನು ಪುಸ್ತಕದಿಂದ ತಲೆ ಎತ್ತದೆ, "ಕೂತ್ಕೋ. ಹಾರ್ನ್ಸ್ ಅಂತ ಬರಕೋ" ಎಂದೆ. ನಗೆ ಇಲ್ಲ, ಚಪ್ಪಾಳೆ ಇಲ್ಲ. ನಿವೃತ್ತನಾಗುವ ತನಕ ಆ ಒಂದು ಸಾಲನ್ನು ನಾನು ಹಾಗೆಯೇ, ಸುಣ್ಣ ಅಗಿದ ಮುಖದಲ್ಲಿ ಪಾಠ ಮಾಡಿದೆ. ನನ್ನ ತರಗತಿಯ ಮಕ್ಕಳಿಗೆ ಅದರಲ್ಲಿ ಎಂದೂ ಅಂಕ ಹೋಗಲಿಲ್ಲ. ಚಂದ್ರಕಲಾ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದಿತ್ತು; ಹಾಕಲಿಲ್ಲವಂತೆ ಎಂದು ಯಾರೋ ಹೇಳಿದರು. ಯಾಕೆ ಎಂದು ನಾನು ಕೇಳಲಿಲ್ಲ. ಮದುವೆಯಾಯಿತು ಎಂದು ಕೇಳಿದೆ. ಬೋರೇಗೌಡರು ತೀರಿಕೊಂಡರು ಎಂದು ಕೇಳಿದೆ. ಅವಳು ಊರಿನ ಹಾಲಿನ ಡೈರಿಗೆ ಸೆಕ್ರೆಟರಿಯಾಗಿದ್ದಾಳೆ, ಬಲು ಜೋರು ಎಂದೂ ಕೇಳಿದೆ. ಕೇಳಿಸಿಕೊಳ್ಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

"ಏನ್ರೀ, ಅರ್ಧ ಗಂಟೆಯಿಂದ ಒಂದೇ ಸಾಲು ನೋಡ್ಕೊಂಡು ಕುಂತಿದ್ದೀರಿ?" ಎಂದಳು ಮೊನ್ನೆ ಹೆಂಡತಿ. ಏನೂ ಇಲ್ಲ ಎನ್ನಲು ಬಾಯಿ ತೆರೆದೆ. ಅದೇನಾಯಿತೋ, ಎಲ್ಲ ಹೇಳಿಬಿಟ್ಟೆ, ಗೊಬ್ಬರದ ಅಂಗಡಿ ಸಮೇತ. ಅವಳು ಸೊಪ್ಪು ಸೋಸುತ್ತಾ ಕೇಳಿದಳು. ಸಮಾಧಾನ ಹೇಳುತ್ತಾಳೆ, ಇಷ್ಟು ಹಳೆಯದನ್ನು ಯಾರು ನೆನಪಿಟ್ಟುಕೊಂಡಿರುತ್ತಾರೆ ಅನ್ನುತ್ತಾಳೆ ಎಂದು ಕಾದೆ.

"ಆ ಅವರೆಕಾಯಿ ಸಾರ ನಾನೊಬ್ಳೇ ಎರಡು ದಿನ ತಿಂದೆ" ಎಂದಳು. ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ, "ನಾಳೆ ಓಗಿ ಯೋಳಿ ಬನ್ನಿ. ನಾನು ಜೊತೇಲಿ ಬರಾಕಿಲ್ಲ" ಎಂದಳು.

ಹೋದೆ. ಮಂಡ್ಯದಿಂದ ಮದ್ದೂರು, ಅಲ್ಲಿಂದ ಆತಗೂರು ಕಡೆಯ ಬಸ್ಸು. ದಾರಿಯುದ್ದಕ್ಕೂ ಅವಳು ಮನೆಯಲ್ಲಿ ಇಲ್ಲದಿರಲಿ ಎಂದು ದೇವರನ್ನು ಕೇಳಿಕೊಳ್ಳುತ್ತಿದ್ದೆ. ಸಂಜೆ ಹಾಲು ಅಳೆಯುವ ಹೊತ್ತಿನಲ್ಲಿ ಡೈರಿ ಸೆಕ್ರೆಟರಿ ಬೇರೆ ಎಲ್ಲಿಗೂ ಹೋಗಿರುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ದೇವರಿಗೂ ಗೊತ್ತಿತ್ತು. ಸಣ್ಣ ಕಟ್ಟಡ, ಮುಂದೆ ಕ್ಯಾನು, ಚೊಂಬು ಹಿಡಿದವರ ಸಾಲು. ಒಳಗೆ ಮೇಜಿನ ಹಿಂದೆ ಚಂದ್ರಕಲಾ. ಮುಂಗೂದಲು ನೆರೆತಿತ್ತು, ಕಣ್ಣು ಅದೇ. ಪಕ್ಕದಲ್ಲಿ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಕಂಪ್ಯೂಟರಿನಲ್ಲಿ ಲೀಟರು ಒತ್ತುತ್ತಿದ್ದಳು.

"ಅಯ್ಯೋ, ಇಂಗ್ಲೀಸ್ ಸಾ! ಬನ್ನಿ ಬನ್ನಿ. ಕುಂತ್ಕಳಿ. ಈ ಸಾಲು ಒಂದು ಕಳಸ್ಬುಡ್ತೀನಿ. ನನ್ ಮಗ್ಳು ಸಾ ಇವಳು, ರಂಜಿತಾ. ಮಂಡ್ಯದಲ್ಲಿ ಡಿಗ್ರಿ ಓದ್ತಾವ್ಳೆ."

ಬೆಂಚಿನ ಮೇಲೆ ಕೂತು ನೋಡಿದೆ. ಬಲು ಜೋರು ಎಂದು ಕೇಳಿದ್ದು ಸುಳ್ಳಲ್ಲ. ಒಬ್ಬ ಯಜಮಾನರ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ನೋಡಿ, "ಮಾವ, ನಿಮ್ಮೆಮ್ಮೆ ಇವತ್ತು ಕೆರೆ ಕುಡ್ದು ಬಂದದೆ. ವಾಪಸ್ ತಗಂಡೋಗಿ, ನಾನು ಅಳೆಯಾಕಿಲ್ಲ" ಎಂದಳು. "ಏನ್ ಕಲಾ, ಇಷ್ಟೊಂದು ಜನದ ಮುಂದೆ" ಎಂದರು ಅವರು. "ಜನದ್ ಮುಂದೇನೇ ಯೋಳ್ಬೇಕು ಮಾವ. ಒಳ್ಗಡೆ ಕರ್ದು ಯೋಳಿದ್ರೆ ನಾಳಿಕೂ ತತ್ತೀರಿ." ಯಜಮಾನರು ನಗುತ್ತಲೇ ಹೋದರು. ಇಷ್ಟು ಸುಲಭವೇ ಇದು ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಸಾಲು ಸ್ವಲ್ಪ ಕರಗಿದಾಗ ನಾನು ಮೇಜಿನ ಹತ್ತಿರ ಬಗ್ಗಿ, ಯಾರಿಗೂ ಕೇಳದ ಹಾಗೆ, ಹೇಳಿದೆ. ತಮಾಷೆಗೆ ಬರೆಸಿದ್ದು, ಅದು ತಪ್ಪೆಂದು ತಿದ್ದದೆ ಹೋದದ್ದು, ಮೈಸೂರಿನ ಮೌಲ್ಯಮಾಪನದ ಸಭೆಯಲ್ಲಿ ಎದ್ದು ನಿಲ್ಲದೆ ಕೂತದ್ದು. ನಿಮ್ಮ ಅಪ್ಪ ಬಂದಾಗ ಸುಳ್ಳು ಹೇಳಿದೆ, ತಪ್ಪು ನಿನ್ನದಲ್ಲ, ನನ್ನದು, ಎಂದೆ. ಅಯ್ಯೋ ಬುಡಿ ಸಾ, ಯಾವ ಕಾಲದ್ದು ಎಂದು ನಕ್ಕುಬಿಡುತ್ತಾಳೆ ಎಂಬ ಆಸೆ ನನ್ನ ದನಿಯಲ್ಲಿ ಇದ್ದಿರಬೇಕು.

ಅವಳು ನಗಲಿಲ್ಲ. ಕೈಯಲ್ಲಿದ್ದ ಅಳತೆಯ ಪಾತ್ರೆಯನ್ನು ಮೇಜಿನ ಮೇಲಿಟ್ಟಳು.

"ಇನ್ನೂ ಒಸಿ ಓದ್ಬೇಕಿತ್ತು ಅಂದ್ರಂತೆ. ಅಪ್ಪ ಬಂದು ಯೋಳ್ತು. ಮುಂದ್ಲ ವರ್ಸ 'ತಿರ್ಗಾ ಅರ್ಜಿ ಆಕ್ತೀನಿ' ಅಂದ್ರೆ, 'ಇಂಗ್ಲೀಸ್ ಮೇಸ್ಟ್ರೇ ಯೋಳವ್ರೆ, ನಿನ್ ತಲೆ ಅಷ್ಟೇ ಅಂತ. ಸುಮ್ಕೆ ಯಾಕೆ?' ಅಂತು. ನಾನೂ ಸುಮ್ಕಾದೆ. ನೀವು ಯೋಳಿದ್ ಮೇಲೆ ಮುಗೀತಲ್ಲ ಸಾ." ಅವಳ ದನಿ ಏರಲಿಲ್ಲ. "ಸೀಟು ಓದ್ರೆ ಓಗ್ಲಿ. ಅಲ್ಲಿಂದ ಇಲ್ಲೀಗಂಟ ನಾನು ದಡ್ಡಿ ಅಂತ್ಲೇ ಬಾಳಿವ್ನಿ. ಮಗೀಗೂ ಅದನ್ನೇ ಯೋಳಿವ್ನಿ. 'ಅವ್ವ ದಡ್ಡಿ ಕಣಮ್ಮಿ, ನೀನಾರ ಓದು' ಅಂತ."

ಇಪ್ಪತ್ತೆಂಟು ವರ್ಷ ನಾನು ಲೆಕ್ಕ ಹಾಕಿದ್ದು ಒಂದು ಅಂಕವನ್ನು, ಒಂದು ಸೀಟನ್ನು. ಕಿಟಕಿ ನೋಡಿಕೊಂಡು ಆಡಿದ ಒಂದು ಮಾತು ಅವಳ ಮನೆಗೆ ಹೋಗಿ, ಅಲ್ಲೇ ಕೂತು, ಅವಳ ಜೊತೆಯಲ್ಲೇ ಬೆಳೆದಿದೆ ಎಂದು ನನಗೆ ಹೊಳೆದಿರಲೇ ಇಲ್ಲ. ತಪ್ಪಾಯಿತು ಎಂದೆ. ಅದೂ ಪಿಸುದನಿಯಲ್ಲಿ.

"ನನ್ಗೆ ಯೋಳಿದ್ರೆ ಸಾಲ್ದು" ಎಂದಳು ಚಂದ್ರಕಲಾ. ಮಗಳ ಕಡೆ ತಿರುಗಿ, "ಲೇ ರಂಜಿ, ಅದ ಬುಟ್ಟು ಬಾ ಇಲ್ಲಿ. ಸಾ ಏನೋ ಯೋಳ್ತಾರೆ, ಕೇಳು" ಎಂದು ಕರೆದಳು. ಆಮೇಲೆ ನನ್ನನ್ನು ನೋಡಿ, "ನಿಂತ್ಕಂಡ್ ಯೋಳಿ ಸಾ. ಬಾಗ್ಲಲ್ಲಿರೋರ್ಗೂ ಕೇಳ್ಲಿ. ಇವರ್ಗೆಲ್ಲ ನಾನು ಇಂಗ್ಲೀಸ್ ಬರ್ದೆ ಸೀಟ್ ಕಳ್ಕಂಡೋಳು ಅಂತ್ಲೇ ಗೊತ್ತಿರೋದು" ಎಂದಳು.

ಎದ್ದು ನಿಂತೆ. ಹಾಲಿನ ಚೊಂಬು ಹಿಡಿದ ಹತ್ತು ಹದಿನೈದು ಜನ ಮಾತು ನಿಲ್ಲಿಸಿ ನೋಡಿದರು. ಆ ಹುಡುಗಿಯ ಮುಖ ನೋಡಿಕೊಂಡು, ನಿಮ್ಮ ಅವ್ವ ಬರೆದದ್ದು ನಾನು ಬರೆಸಿದ್ದು, ತಪ್ಪು ನನ್ನದು, ಅದನ್ನು ಹೇಳುವ ಕಡೆಯಲ್ಲೆಲ್ಲ ನಾನು ಹೇಳದೆ ಹೋದೆ, ನನ್ನ ತರಗತಿಯಲ್ಲಿ ಅವಳಷ್ಟು ಚುರುಕಾದವರು ಇರಲಿಲ್ಲ, ಎಂದೆ. ಕನ್ನಡದಲ್ಲಿ ಹೇಳಿದೆ, ಯಾವ ನುಡಿಗಟ್ಟೂ ನೆನಪಾಗಲಿಲ್ಲ. ಯಾರೂ ನಗಲಿಲ್ಲ. ಬಾಗಿಲಲ್ಲಿದ್ದ ಮುದುಕಿಯೊಬ್ಬರು, "ಅಯ್ಯೋ ಸಿವನೇ, ಇಷ್ಟು ದಿನ ಎಲ್ಲೋಗಿದ್ರಪ್ಪ?" ಎಂದರು.

ರಂಜಿತಾ ನನ್ನನ್ನು ಬಿಟ್ಟು ತಾಯಿಯನ್ನು ನೋಡಿದಳು.

"ಅಂಗಾರೆ ನೀನು ದಡ್ಡಿ ಅಲ್ವಾ ಅವ್ವ?"

ಚಂದ್ರಕಲಾ ಮೇಜಿನ ಮೇಲೆ ಚೆಲ್ಲಿದ್ದ ಹಾಲನ್ನು ಬಟ್ಟೆಯಿಂದ ಒರೆಸಿದಳು. ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸಿದಳು.

"ಅಲ್ವಂತೆ ಕಣಮ್ಮಿ" ಎಂದಳು. "ಸಾ ಈಗ ಯೋಳ್ತಾವ್ರೆ."